ಫ್ರಿಜ್ಜಿನಲ್ಲಿಟ್ಟ ಆರು ಪೆನ್ನುಗಳು

ಡಿಸೆಂಬರಿನ ಎರಡನೇ ವಾರ ಬೆಳಗಾವಿ ಪಕ್ಕದ ಪೀರನವಾಡಿಯ ನಮ್ಮ ವರ್ಕ್‌ಶಾಪಿಗೆ ಹೊಸ ರೆಸಿನ್ ಮಾಲು ಬಂತು. ನವಿಲಿನ ಕುತ್ತಿಗೆಯ ನೀಲಿ, ಅದರೊಳಗೆ ಹೊಗೆ ಎದ್ದಂತೆ ಬಂಗಾರದ ಎಳೆಗಳು. ಪೆನ್ನು ಕಡೆಯುವ ನಾವು ಇದನ್ನು ಬ್ಲ್ಯಾಂಕ್ ಎನ್ನುತ್ತೇವೆ. ಹೆಬ್ಬೆರಳಿನಷ್ಟು ದಪ್ಪದ, ಗೇಣಿಗಿಂತ ಗಿಡ್ಡನೆಯ ಚೌಕದ ಕಡ್ಡಿ. ಅದಕ್ಕೆ ಉದ್ದುದ್ದ ತೂತು ಕೊರೆದು, ಒಳಗೆ ಹಿತ್ತಾಳೆಯ ಕೊಳವೆ ಅಂಟಿಸಿ, ಲೇಥಿಗೆ ಏರಿಸಿ ದುಂಡಗೆ ಕಡೆದು, ಹೊಳಪು ಕೊಟ್ಟು, ಎರಡೂ ತುದಿಗೆ ಲೋಹದ ಭಾಗ ಒತ್ತಿದರೆ ಪೆನ್ನು ತಯಾರು. ಆರು ವರ್ಷ ಅದನ್ನೇ ಮಾಡಿದ್ದೆ.

ಮೊದಲ ಕಡ್ಡಿಯನ್ನು ಟೇಬಲ್ಲಿನ ಮೇಲೆ ತಟ್ಟಿದಾಗಲೇ ನನಗೆ ಸಂಶಯ ಬಂತು. ನಾವು ಅಲ್ಲಿಯವರೆಗೆ ಕಡೆಯುತ್ತಿದ್ದ ಅಕ್ರಿಲಿಕ್ ತಟ್ಟಿದರೆ ಮಂದವಾಗಿ ಸದ್ದು ಮಾಡುತ್ತದೆ. ಇದು ಗಾಜಿನ ಬಳೆಯಂತೆ ಟಿಣ್ ಎಂದಿತು. ಉಳಿ ಮುಟ್ಟಿಸಿದರೆ ರಿಬ್ಬನ್ನಿನಂತೆ ಸುರುಳಿ ಬಿಚ್ಚಿಕೊಂಡು ಬರಬೇಕಾದ ಸಿಪ್ಪೆ, ಹರಳುಪ್ಪು ಕುಟ್ಟಿದ ಹಾಗೆ ಸಿಡಿಯಿತು. ನಮ್ಮ ವರ್ಕ್‌ಶಾಪ್ ಪತ್ರಾಸಿನ, ಅಂದರೆ ತಗಡಿನ ಶೆಡ್ಡು. ಶಟರ್ ಎತ್ತಿದರೆ ಗಾಳಿ ನೇರವಾಗಿ ಒಳಗೆ. ಬೆಳಗ್ಗೆ ಲೇಥಿನ ಕಬ್ಬಿಣ ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು.

ಮಾಲೀಕನಿಗೆ ಹೇಳಿದೆ. ಆರು ವರ್ಷ ಅವನನ್ನು ಬಹುವಚನದಲ್ಲಿ ಕರೆದಿದ್ದೇನೆ. ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ.

"ಮಾಲಕ್ರ, ಈ ಮಾಲು ಭಾಳ ಪೆಡಸು ಐತ್ರಿ. ಈ ಥಂಡ್ಯಾಗ ತಡ್ಯಾಂಗಿಲ್ಲ. ಒಂದ್ ನಾಕ ಮಾಡಿ ನೋಡೂಣು, ಆಮ್ಯಾಲ ಆರ್ಡರ್ ಹಿಡೀರಿ."

"ನಿನ್ನ ಇಟ್ಟಿದ್ದು ಕಡ್ಯಾಕ. ಮಾಲ್ ಪಾಸ್ ಮಾಡಾಕಲ್ಲ" ಎಂದ.

ಆರ್ಡರ್ ನೆಹರು ನಗರದಲ್ಲಿ ಸ್ವಂತ ಕಣ್ಣಿನ ದವಾಖಾನೆ ನಡೆಸುವ ಡಾಕ್ಟರ್ ಮೇಡಂ ಅವರದು. ಹಳ್ಳಿಗಳಲ್ಲಿ ಕಣ್ಣಿನ ತಪಾಸಣೆ ಮಾಡಿ ಬರುವ ತಮ್ಮ ಸಿಬ್ಬಂದಿಗೆ ಕೊಡಲು ನಲವತ್ತು ಪೆನ್ನು ಬೇಕಿತ್ತು. ಕಡೆದುಕೊಟ್ಟೆ. ವಾರ ಕಳೆಯುವಷ್ಟರಲ್ಲಿ ಮೇಡಂ ತಾವೇ ಡಬ್ಬಿ ಹಿಡಿದು ಬಂದರು. ಹದಿನೇಳು ಪೆನ್ನಿಗೆ ಉದ್ದಕ್ಕೆ ಸೀಳು.

ಮಾಲೀಕ ಅವನ್ನು ಟ್ಯೂಬ್‌ಲೈಟಿನ ಕೆಳಗೆ ಸಾಲಾಗಿ ಇಟ್ಟ. ಕೆಲಸ ನಿಲ್ಲಿಸಿ ಎಲ್ಲರನ್ನೂ ಕರೆದ. ಒಂಬತ್ತು ಜನ ಇದ್ದೆವು.

"ನಿನ್ನ ಕೈ ತೋರಸು" ಎಂದ ನನಗೆ.

ಯಾಕೆಂದು ತಿಳಿಯದೆ ಎರಡೂ ಕೈ ಮುಂದೆ ಚಾಚಿದೆ. ಅವನು ಮೇಡಂ ಕಡೆ ತಿರುಗಿ, "ನೋಡ್ರಿ ಮೇಡಂ, ಹೆಂಗ ನಡಗಾಕತ್ತಾವ. ವಯಸ್ಸಾತು. ಹೆಣ್ಮಗಳು ಅಂತ ಇಟ್ಕೊಂಡಿದ್ದೆ, ಅದ ನನ್ನ ತಪ್ಪು" ಎಂದ.

ನನಗೆ ಆಗ ನಲವತ್ತಾರು. ಕೈ ನಡುಗುತ್ತಿದ್ದುದು ನಿಜ. ಸಿಟ್ಟಿಗೆ ನಡುಗುತ್ತಿದ್ದವು. ಆದರೆ ನೋಡುವವರಿಗೆ ನಡುಕ ಕಾಣುತ್ತದೆಯೇ ಹೊರತು ಅದರ ಕಾರಣ ಕಾಣುವುದಿಲ್ಲ. ಮೇಡಂ ನನ್ನ ಕೈಯನ್ನೇ ಒಂದು ಗಳಿಗೆ ನೋಡಿದರು, ಡಬ್ಬಿ ಅಲ್ಲೇ ಬಿಟ್ಟು ಹೋದರು. ಆ ದಿನ ನನಗೆ ಅವರ ಮೇಲೂ ಸಿಟ್ಟು ಬಂದಿತ್ತು.

ಅಂದೇ ನನ್ನನ್ನು ಕೆಲಸದಿಂದ ತೆಗೆದ. ಹೊರಡುವಾಗ ಮೂಲೆಯ ಕಸದ ಬುಟ್ಟಿಯಲ್ಲಿದ್ದ ಒಡೆದ ಪೆನ್ನು, ತುದಿ ಚಕ್ಕೆ ಎದ್ದು ಬಿಸಾಡಿದ ಬ್ಲ್ಯಾಂಕುಗಳನ್ನು ಊಟದ ಚೀಲಕ್ಕೆ ತುಂಬಿಕೊಂಡೆ. ಮಾಲೀಕ ಬಾಗಿಲಲ್ಲೇ ನಿಂತು ನೋಡುತ್ತಿದ್ದ. "ಒಯ್ಯಿ, ಒಯ್ಯಿ. ಕಸ ಹೊರಗ ಹಾಕೂ ಕೆಲಸ ಉಳೀತು" ಎಂದು ನಕ್ಕ.

ಮನೆಗೆ ಹೋಗಲು ಖಾನಾಪುರದ ರೈಲಿನಲ್ಲಿ ಕೂತಾಗ, ದೇಸೂರ ದಾಟುವವರೆಗೂ ನಾನು ಯೋಚಿಸಿದ್ದು ಅವನ ಲೇಥಿನ ಬೆಲ್ಟನ್ನು ಹೇಗೆ ಕೊಯ್ಯಬಹುದು, ಮೋಟರಿಗೆ ಮರಳು ಹೇಗೆ ಸುರಿಯಬಹುದು ಎಂದೇ. ನಾನು ಬಹಳ ಒಳ್ಳೆಯವಳೆಂದು ತೋರಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ.

ಎರಡು ದಿನ ಬಿಟ್ಟು ಉದ್ಯಮಬಾಗಿನ ಒಂದು ವರ್ಕ್‌ಶಾಪಿಗೆ ಕೆಲಸ ಕೇಳಲು ಹೋದೆ. ಅಲ್ಲಿಯವರು ನನ್ನನ್ನು ನೋಡಿದವರೇ ಮುಖ ತಿರುಗಿಸಿದರು. ಇನ್ನೊಂದು ಕಡೆಯೂ ಹಾಗೇ ಆಯಿತು. ಮೂರನೆಯ ಕಡೆಯ ಫೋರ್‌ಮನ್ ಒಳ್ಳೆಯ ಮನುಷ್ಯ, ತನ್ನ ಮೊಬೈಲ್ ತೆಗೆದು ತೋರಿಸಿದ. ಲೇಥ್ ಕೆಲಸದವರ ವಾಟ್ಸಾಪ್ ಗುಂಪು. ಅದರಲ್ಲಿ ಲೇಥಿನ ಮುಂದೆ ನಿಂತ ನನ್ನ ಫೋಟೋ, ಅದರ ಕೆಳಗೆ ಸೀಳಿದ ಪೆನ್ನುಗಳ ಫೋಟೋ. "ಈ ಬಾಯಿಗೆ ಕೆಲಸ ಕೊಡೂ ಮುಂಚೆ ವಿಚಾರ ಮಾಡ್ರಿ. ಕೈ ಹೋಗ್ಯಾವ" ಎಂದು ಮಾಲೀಕನ ಸಂದೇಶ. ಬಾಯಿ ಎಂದರೆ ನಮ್ಮ ಕಡೆ ಹೆಂಗಸು. ಆ ಫೋಟೋ ಯಾವಾಗ ತೆಗೆದಿದ್ದನೆಂದು ನೆನಪಾಯಿತು. ಹೊಸ ಮಾಲಿನ ಮೊದಲ ಬ್ಲ್ಯಾಂಕುಗಳನ್ನು ಕಡೆಯುತ್ತಿದ್ದ ದಿನ, ಸುಮ್ಮನೆ, "ಹಂಗ ನಿಂದರು" ಎಂದು ತೆಗೆದಿದ್ದ. ಅಂದರೆ ಮಾಲು ಒಡೆಯಬಹುದೆಂದು ಅವನಿಗೂ ಗೊತ್ತಿತ್ತು. ಒಂದೂ ಪೆನ್ನು ಒಡೆಯುವ ಮೊದಲೇ ತಪ್ಪು ಯಾರ ತಲೆಗೆ ಕಟ್ಟಬೇಕೆಂದು ನಿಶ್ಚಯ ಮಾಡಿಕೊಂಡಿದ್ದ.

ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ. ಗಂಡ ಟ್ರಕ್ ಓಡಿಸುವವರು, ತಿಂಗಳಿಗೆ ಎರಡು ಸಲ ಬರುತ್ತಾರೆ. ಅತ್ತೆಗೆ ಎಲ್ಲ ಹೇಳಿದೆ. ಅವರು ಕಾಯಿಪಲ್ಯ ಹೆಚ್ಚುತ್ತಾ ಕೇಳಿಸಿಕೊಂಡರು.

"ಅಂವ ನಿನ್ನ ಹೆಸರ ಮುರದ. ನೀ ಅಂವಂದು ಏನ ಮುರೀತಿ ಹೇಳು" ಎಂದರು.

"ಮೊದಲ ಈ ಪೆನ್ನ ಯಾಕ ಮುರೀತಾವ ನೋಡ್ತೇನ್ರಿ ಅತ್ತಿ. ಆಮ್ಯಾಲ ಅಂವನ ಪಾಳಿ."

ಹಿತ್ತಲಿನ ಪತ್ರಾಸಿನ ಕೋಣೆಯಲ್ಲಿ ನನ್ನ ಅಪ್ಪನ ಲೇಥ್ ಇದೆ. ಅಪ್ಪ ಗೋಕಾಕದವರು. ಲಟ್ಟಣಿಗೆ, ಬುಗುರಿ ಕಡೆಯುತ್ತಿದ್ದರು, ನನಗೂ ಕಲಿಸಿದರು. ಅವರು ತೀರಿಕೊಂಡ ಮೇಲೆ ಲೇಥ್ ಇಲ್ಲಿಗೆ ತಂದು ಮೋಟರ್ ಕೂಡಿಸಿದ್ದೆ. ಖಾನಾಪುರದ ಚಳಿ ಬೆಳಗಾವಿಗಿಂತ ಒಂದು ಕೈ ಮೇಲು. ಕಾಡಿನ ಕಡೆಯಿಂದ ಇಬ್ಬನಿ ಬಂದು ಒಂಬತ್ತು ಗಂಟೆಯಾದರೂ ಪತ್ರಾಸಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಪೆಡಸು ಮಾಲಿಗೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ನನಗೆ ಬೇಕಾಗಿದ್ದುದೂ ಅದೇ.

ಮೊದಲು ಪೀರನವಾಡಿಯಲ್ಲಿ ಮಾಡುತ್ತಿದ್ದ ಹಾಗೇ ಮಾಡಿದೆ. ಬಿಸಾಡಿದ ಬ್ಲ್ಯಾಂಕುಗಳಲ್ಲಿ ಚಕ್ಕೆ ಎದ್ದ ತುದಿ ಕತ್ತರಿಸಿ ಮೂರು ಆರಿಸಿಕೊಂಡೆ. ಹತ್ತು ಮಿಲಿಮೀಟರ್ ಕೊಳವೆಗೆ ಸರಿಯಾಗಿ ಹತ್ತೇ ಮಿಲಿಮೀಟರ್ ತೂತು, ಕ್ಷಣದಲ್ಲಿ ಹಿಡಿಯುವ ತೆಳು ಅಂಟು. ಮಧ್ಯಾಹ್ನ ಬಿಸಿಲು ಪತ್ರಾಸಿಗೆ ಬಿದ್ದು ಕೋಣೆ ಬೆಚ್ಚಗಾದಾಗ ಕಡೆದೆ. ಮೂರೂ ಕನ್ನಡಿಯಂತೆ ಬಂದವು. ಒಂದು ಗೆರೆ ಇಲ್ಲ. ಸ್ಟೀಲಿನ ತಾಟಿನಲ್ಲಿ ಅಲ್ಲೇ ಬಿಟ್ಟು ಬಂದೆ. ಮರುದಿನ ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದು ನೋಡಿದರೆ ಎರಡು ಸೀಳಿದ್ದವು. ಮೂರನೆಯದನ್ನು ಕೈಗೆ ತೆಗೆದುಕೊಳ್ಳುವ ಮೊದಲೇ, ತಾಟಿನಲ್ಲೇ, ಟಿಕ್ ಎಂದಿತು. ಅನ್ನ ಉಣ್ಣುವಾಗ ಹಲ್ಲಿಗೆ ಹರಳು ಸಿಕ್ಕಷ್ಟೇ ಸಣ್ಣ ಸದ್ದು.

ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ನಾನು ಮುಟ್ಟಿರಲಿಲ್ಲ. ಯಾರೂ ಮುಟ್ಟಿರಲಿಲ್ಲ. ಚಳಿಗೆ ರೆಸಿನ್ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಅಷ್ಟು ಕುಗ್ಗುವುದಿಲ್ಲ. ತೆಳುವಾದ ರೆಸಿನ್ ಬಿಗಿಯಾದ ಕೊಳವೆಯನ್ನು ಅಪ್ಪಿಕೊಂಡು ಅಪ್ಪಿಕೊಂಡು ಕಡೆಗೆ ಸೀಳುತ್ತದೆ. ಇದು ಸಂಪೂರ್ಣವಾಗಿ ಅರ್ಥವಾದಾಗ ನನಗೆ ಸಂತೋಷ ಆಗಲಿಲ್ಲ, ಸಿಟ್ಟು ಇಮ್ಮಡಿ ಆಯಿತು. ಇದನ್ನು ಕಂಡುಹಿಡಿಯಲು ಒಂದು ತಾಟು, ಒಂದು ಬೆಳಗು ಸಾಕಾಗಿತ್ತು. ಅವನು ಅಷ್ಟೂ ಮಾಡದೆ ನನ್ನ ಕೈ ಚಾಚಿಸಿದ್ದ.

ಇನ್ನು ಒಡೆಯದ ಹಾಗೆ ಮಾಡುವುದು. ಇದಕ್ಕೆ ಮೂರು ವಾರ ಹಿಡಿಯಿತು, ಎಡವಿದ್ದೇ ಹೆಚ್ಚು.

ಸೀಳು ಯಾವಾಗಲೂ ತುದಿಯಿಂದಲೇ ಶುರುವಾಗುತ್ತಿತ್ತು. ಆದರೆ ಶುರುವಿನಲ್ಲಿ ಅದು ಕಣ್ಣಿಗೆ ಕಾಣದಷ್ಟು ಸಣ್ಣದು. ಒಂದು ದಿನ ಅತ್ತೆಯ ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ನೀಲಿ ರೆಸಿನ್ನಿನ ತುದಿಗೆ ತಿಕ್ಕಿ, ಬಟ್ಟೆಯಿಂದ ಒರೆಸಿದೆ. ಬಿರುಕಿನಲ್ಲಿ ಪುಡಿ ಉಳಿದು ಕೂದಲಿನಷ್ಟು ತೆಳುವಾದ ಬಿಳಿ ಗೆರೆ ಮೂಡಿತು. ಅತ್ತೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಈಬತ್ತಿ ಸುಳ್ಳ ಹೇಳಂಗಿಲ್ಲವಾ. ಬೇಕಾದಷ್ಟು ತಗೋ" ಎಂದರು.

ಆ ಬಿಳಿ ಗೆರೆಗಳೇ ನನಗೆ ಎಲ್ಲ ಕಲಿಸಿದವು. ಬ್ಲ್ಯಾಂಕಿನ ತುದಿಯನ್ನು ಸಮ ಮಾಡಲು ಹಲ್ಲಿನ ಕಟರ್ ಹಚ್ಚಿದರೆ ಪ್ರತಿ ಸಲ ನಾಲ್ಕೈದು ಗೆರೆ. ಕಟರ್ ಬಿಟ್ಟು ತಿರುಗುವ ಮರಳುಕಾಗದದ ತಟ್ಟೆಗೆ ಮೆತ್ತಗೆ ಒತ್ತಿದೆ, ಗೆರೆ ನಿಂತವು. ಡ್ರಿಲ್ ಇನ್ನೊಂದು ತುದಿಯಿಂದ ಹೊರಬರುವಾಗ ಚಕ್ಕೆ ಎದ್ದು ಬಿರುಕು ಹುಟ್ಟುತ್ತಿತ್ತು. ಅದಕ್ಕೆ ಕೊರೆಯುವುದನ್ನು ತುದಿ ಮುಟ್ಟುವ ಮೊದಲೇ ನಿಲ್ಲಿಸಿ, ಉಳಿದ ಮುಚ್ಚಿದ ಭಾಗವನ್ನು ಗರಗಸದಿಂದ ಕತ್ತರಿಸಿ ತೆಗೆದೆ. ಕೊರೆಯುವಾಗಲೂ ಒಂದೇ ಸಮ ಒತ್ತಬಾರದು. ತುಸು ಕೊರೆದು ಹೊರಗೆ ಎಳೆಯಬೇಕು, ಪುಡಿ ಉದುರಬೇಕು, ಡ್ರಿಲ್ ತಣಿಯಬೇಕು, ಮತ್ತೆ ಒಳಗೆ.

ತಣ್ಣನೆಯ ಬ್ಲ್ಯಾಂಕಿಗೆ ಡ್ರಿಲ್ ಹಚ್ಚಿದರೆ ಒಳಗೆ ಕಾವು, ಹೊರಗೆ ಚಳಿ. ಹಾಗೇ ಒಂದು ಬ್ಲ್ಯಾಂಕ್ ಕಿವಿಯ ಪಕ್ಕದಲ್ಲೇ ಸಿಡಿದು ಕೆನ್ನೆಗೆ ಚೂರು ನೆಟ್ಟಿತು. ಅಂದಿನಿಂದ ಬಚ್ಚಲ ಹಂಡೆಯ ನೀರಿನಲ್ಲಿ ಬೆಚ್ಚಗೆ ಮಾಡಿ ಕೊರೆಯತೊಡಗಿದೆ. ಮೊದಲ ಸಲ ನೀರು ಬಹಳ ಕಾದಿತ್ತು. ಬ್ಲ್ಯಾಂಕ್ ಮೆತ್ತಗಾಗಿ ಬಾಗಿ, ತೂತು ಅಂಡಾಕಾರ ಆಯಿತು. ಐದು ಹಾಳಾದವು. ಕೂಸಿಗೆ ನೀರು ಹಾಕುವಷ್ಟು ಬಿಸಿ ಇದ್ದರೆ ಸಾಕು ಎಂದು ಆಮೇಲೆ ತಿಳಿಯಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ತೂತಿನ ಅಳತೆ. ಹತ್ತು ಮಿಲಿಮೀಟರ್ ಬಿಗಿ. ಹತ್ತೂವರೆ ಮಾಡಿದೆ. ಕೊಳವೆ ಒಳಗೆ ಓಲಾಡಿ ಒಂದು ಕಡೆಗೆ ಕೂತಿತು, ಕಡೆದಾಗ ಒಂದು ಬದಿ ಕಾಗದದಷ್ಟು ತೆಳುವಾಯಿತು. ಕಡೆಗೆ ನಿಂತಿದ್ದು ಹತ್ತು ಪಾಯಿಂಟ್ ಮೂರಕ್ಕೆ. ಆ ಕೂದಲೆಳೆಯ ಸಂದಿನಲ್ಲಿ ನಿಧಾನ ಗಟ್ಟಿಯಾಗುವ, ಗಟ್ಟಿಯಾದ ಮೇಲೂ ತುಸು ಮೆತ್ತಗೇ ಉಳಿಯುವ ಎಪಾಕ್ಸಿ ಅಂಟು. ಐದು ನಿಮಿಷದಲ್ಲಿ ಹಿಡಿಯುವ ಎಪಾಕ್ಸಿ ನಡೆಯುವುದಿಲ್ಲ, ಅದೂ ಪೆಡಸು. ನಿಧಾನದ್ದಕ್ಕೆ ಒಂದು ದಿನ ಪೂರ್ತಿ ಬಿಡಬೇಕು. ಆ ಮೆತ್ತನೆ ಪದರವೇ ರೆಸಿನ್ನಿಗೂ ಹಿತ್ತಾಳೆಗೂ ನಡುವೆ ಹಾಸಿಗೆ. ಚಳಿಗೆ ರೆಸಿನ್ ಕುಗ್ಗಿದರೆ ಅದು ತಗ್ಗಿಕೊಡುತ್ತದೆ.

ಆಮೇಲೆ ಚೌಕದ ನಾಲ್ಕು ಮೂಲೆಗಳನ್ನು ಮರಳುಕಾಗದದಲ್ಲೇ ಉಜ್ಜಿ ತೆಗೆದು, ದುಂಡನೆಯ ಅಲಗಿನ ಕಾರ್ಬೈಡ್ ಉಳಿಯನ್ನು ಓರೆಯಾಗಿ ಹಿಡಿದು, ಕೆರೆಯದೆ ಸವರುವ ಹಾಗೆ ಕಡೆದೆ. ಮುಕ್ಕಾಲು ಭಾಗ ಕಡೆದ ಮೇಲೆ ಅವನ್ನು ಬೇಕೆಂದೇ ಒಂದು ಇಡೀ ರಾತ್ರಿ ಚಳಿಗೆ ಒಡ್ಡಿದೆ. ಒಡೆಯುವುದಿದ್ದರೆ ನನ್ನ ಮನೆಯಲ್ಲೇ ಒಡೆಯಲಿ. ಮರುದಿನ ವಿಭೂತಿ ಹಚ್ಚಿ ಗೆರೆ ಇಲ್ಲದವನ್ನು ಮಾತ್ರ ಮುಗಿಸಿದೆ. ಆಮೇಲೆ ಅತ್ತೆಯ ಫ್ರಿಜ್ಜಿನಲ್ಲಿಟ್ಟೆ.

"ಮಸರಿನ ಬಾಜೂಕ ಪೆನ್ನ ಇಡ್ತಿಯಲ್ಲ, ಬರ್ಯಾವ್ರು ಯಾರು, ಉಣ್ಣಾವ್ರು ಯಾರು?" ಎಂದು ಅತ್ತೆ ಗೊಣಗಿದರು.

ಹೀಗೆ ಮುಗಿಸಿದ ಹದಿನಾಲ್ಕರಲ್ಲಿ ಹದಿಮೂರು ಉಳಿದವು. ಒಂದು ಮಾತ್ರ ಸೀಳಿತು. ಅದು ಯಾಕೆ ಸೀಳಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಜನವರಿಯ ಒಂದು ಭಾನುವಾರ ಪೀರನವಾಡಿಯಲ್ಲಿ ನನ್ನ ಜೊತೆ ಪಾಲಿಶ್ ಕೆಲಸ ಮಾಡುತ್ತಿದ್ದವಳು ಮನೆಗೆ ಬಂದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ಮಗಳ ಮದುವೆ ಮಾಡಿ ಒಬ್ಬಳೇ ಇರುವವಳು. ಸುದ್ದಿ ತಂದಿದ್ದಳು. ಡಾಕ್ಟರ್ ಮೇಡಂ ಮಾಲೀಕನಿಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಈ ಸಲ ಅರವತ್ತು ಪೆನ್ನು, ದವಾಖಾನೆಯ ಸಮಾರಂಭಕ್ಕೆ, ಬರುವ ಶುಕ್ರವಾರ. ಅದೇ ನೀಲಿ ಮಾಲು. ಪೆನ್ನುಗಳನ್ನು ಶನಿವಾರವೇ ತಲುಪಿಸಿದ್ದಾನೆ.

ನನಗೆ ಒಳಗೊಳಗೇ ಎಂಥ ಹಿಗ್ಗು! ಅದೇ ತೂತು, ಅದೇ ಅಂಟು ಎಂದು ಅವಳ ಬಾಯಿಂದಲೇ ತಿಳಿದುಕೊಂಡೆ. ಇನ್ನೇನೂ ಮಾಡಬೇಕಾಗಿರಲಿಲ್ಲ. ಸಮಾರಂಭಕ್ಕೆ ಬಂದ ದೊಡ್ಡವರ ಕೈಯಲ್ಲಿ ಪೆನ್ನು ಟಿಕ್ ಟಿಕ್ ಎನ್ನುವುದನ್ನು ನೆನೆದೇ ನನಗೆ ಹೊಟ್ಟೆ ತುಂಬಿತು. ಸುಮ್ಮನಿದ್ದರಾಯಿತು. ಸುಮ್ಮನಿರುತ್ತೇನೆಂದು ನಿರ್ಧಾರ ಮಾಡಿ ಅವಳಿಗೆ ಚಹಾ ಕೊಟ್ಟೆ.

"ಈ ಸಲ ಲೇಥ್ ಮ್ಯಾಲ ಯಾರದಾರ?" ಎಂದು ಸುಮ್ಮನೆ ಕೇಳಿದೆ.

"ನಾನ ಅಕ್ಕಾ. ನೀ ಹೋದ ಮ್ಯಾಲ ನನ್ನ ನಿಂದರ್ಸ್ಯಾನ. ನಿಂದು ನೋಡಿ ನೋಡಿ ಅಷ್ಟೋ ಇಷ್ಟೋ ಕಲ್ತಿದ್ನೆಲ್ಲ." ಅವಳ ಮುಖದಲ್ಲಿ ತುಸು ಹೆಮ್ಮೆಯೂ ಇತ್ತು. "ಮಾಲಕ ನನ್ನ ಫೋಟೋನೂ ತಗದ, ಕೆಲಸ ಮಾಡೂ ಮುಂದ."

ನನ್ನ ಕೈಯ ಚಹಾದ ಬಸಿ ಕೆಳಗಿಟ್ಟೆ. ಅವಳಿಗೆ ಆ ಫೋಟೋ ಯಾಕೆಂದು ಗೊತ್ತಿರಲಿಲ್ಲ. ಹೇಳಿದೆ. ಅವಳು ಚಹಾ ಕುಡಿಯುವುದನ್ನು ನಿಲ್ಲಿಸಿದಳು.

ಅವಳ ಮೇಲಿನ ಕನಿಕರದಿಂದಲೇ ನನ್ನ ಮನಸ್ಸು ಬದಲಾಯಿತು ಎಂದರೆ ಅರ್ಧ ಸತ್ಯ. ಇನ್ನರ್ಧ ಇದು: ಪೆನ್ನು ಒಡೆದರೆ ಅವನಿಗೆ ಏನೂ ಆಗುವುದಿಲ್ಲ. ಅವನ ಮೊಬೈಲಿನಲ್ಲಿ ಇನ್ನೊಂದು ಹೆಂಗಸಿನ ಫೋಟೋ ತಯಾರಿದೆ. ನಾನು ಸುಮ್ಮನಿದ್ದರೆ ಅವನು ಎರಡನೇ ಸಲವೂ ಗೆಲ್ಲುತ್ತಾನೆ. ಅದನ್ನು ಮಾತ್ರ ನಾನು ತಡೆದುಕೊಳ್ಳಲಾರದಾದೆ.

ಮಂಗಳವಾರ ಮೂರು ಪೆನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನೆಹರು ನಗರಕ್ಕೆ ಹೋದೆ. ರೋಗಿಗಳು ಮುಗಿಯುವವರೆಗೆ ಬೆಂಚಿನಲ್ಲಿ ಕೂತೆ. ಮೇಡಂ ನನ್ನನ್ನು ಗುರುತಿಸಿದರು.

"ನೀವು ಆ ಪೆನ್ನಿನ..." ಎಂದು ನಿಲ್ಲಿಸಿದರು.

"ಹೌದ್ರಿ, ಕೈ ನಡಗೂ ಬಾಯಿ. ಅಂವ ಕೊಟ್ಟ ಅರವತ್ತು ಪೆನ್ನ ಇಲ್ಲೇ ಅದಾವಲ್ರಿ? ಅದರಾಗ ಮೂರು ನೀವ ಆರಿಸ್ರಿ. ಇವು ನನ್ನವು ಮೂರು. ಆರೂ ನಿಮ್ಮ ಔಷಧದ ಫ್ರಿಜ್ಜಿನಾಗ ಇಡ್ರಿ. ಮಾಲಕನ್ನ ಕರೀರಿ, ಅಂವ ಕುಂತು ನೋಡ್ಲಿ."

"ಮೊದಲ ನೀವು ಕಾರಣ ಹೇಳ್ರಿ."

ತಾಟಿನಲ್ಲಿ ಟಿಕ್ ಎಂದದ್ದರಿಂದ ಹಿಡಿದು ಎಲ್ಲ ಹೇಳಿದೆ. ಅಳತೆಗಳನ್ನು ಮಾತ್ರ ಹೇಳಲಿಲ್ಲ. ಅವರು ಪೂರ್ತಿ ಕೇಳಿದರು. ಆಮೇಲೆ ಫೋನ್ ತೆಗೆದುಕೊಂಡು, "ನಿಮ್ಮ ಪೆನ್ನಿನ ಬಗ್ಗೆ ಮಾತಾಡೂದೈತಿ, ಈಗ ಬರ್ರಿ" ಎಂದರು. ನನ್ನ ಹೆಸರು ಎತ್ತಲಿಲ್ಲ.

ಮಾಲೀಕ ಬಂದ. ನನ್ನನ್ನು ನೋಡಿ ಬಾಗಿಲಲ್ಲೇ ನಿಂತ.

"ಇಕಿ ಯಾಕ ಬಂದಾಳ್ರಿ ಮೇಡಂ?"

"ಕುಂದರ್ರಿ" ಎಂದರು ಮೇಡಂ.

ಪಕ್ಕದ ಕೋಣೆಯಲ್ಲಿ ಗದ್ದ ಇಟ್ಟು ಕಣ್ಣು ತೋರಿಸುವ ಯಂತ್ರ ಇತ್ತು. ಮೇಡಂ ಆರೂ ಪೆನ್ನುಗಳನ್ನು ಒಂದೊಂದಾಗಿ ಅದರ ಬೆಳಕಿನ ಗೆರೆಗೆ ಹಿಡಿದು ನೋಡಿದರು. ಎಲ್ಲವೂ ನಿರ್ಮಲ. ಮಾಲೀಕನಿಗೂ ತೋರಿಸಿ ಒಪ್ಪಿಸಿದರು. ಅವನ ಮೂರಕ್ಕೆ ಬಿಳಿ ಪಟ್ಟಿ, ನನ್ನವಕ್ಕೆ ಹಸಿರು ಪಟ್ಟಿ ಅಂಟಿಸಿ, ಸ್ಟೀಲ್ ತಟ್ಟೆಯಲ್ಲಿಟ್ಟು ಕಣ್ಣಿನ ಹನಿ ಇಡುವ ಫ್ರಿಜ್ಜಿಗೆ ಸೇರಿಸಿ, ಕೀಲಿ ಹಾಕಿ, ಕೀಲಿಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಎರಡು ಗಂಟೆಯಾಗಿತ್ತು. ಮೇಡಂ ಜೈನರು, ಹೊತ್ತು ಮುಳುಗುವ ಮೊದಲೇ ಮನೆಯಲ್ಲಿ ಊಟ ಮುಗಿಸುವವರು. ಐದಕ್ಕೆ ತೆಗೆಯುವುದೆಂದು ಮಾತಾಯಿತು.

ಆ ಮೂರು ಗಂಟೆ ಅವನೂ ನಾನೂ ಎದುರುಬದುರು ಬೆಂಚಿನಲ್ಲಿ ಕೂತೆವು. ಅವನು ಮೊಬೈಲ್ ನೋಡುತ್ತಿದ್ದ. ನಾನು ಅವನನ್ನು ನೋಡುತ್ತಿದ್ದೆ. ಆದರೆ ನನ್ನ ತಲೆಯಲ್ಲಿ ಇದ್ದದ್ದು ಹದಿನಾಲ್ಕನೆಯ ಪೆನ್ನು. ಈ ಮೂರರಲ್ಲಿ ಒಂದು ಹಾಗೆ ಮಾಡಿದರೆ? ಅವನ ಮೂರೂ ತಡೆದುಬಿಟ್ಟರೆ? ಆಗ ವಾಟ್ಸಾಪಿಗೆ ಹೊಸ ಫೋಟೋ ಬರುತ್ತದೆ, ಮೇಡಂ ಸಾಕ್ಷಿಯಾಗುತ್ತಾರೆ, ನಾನು ಲೇಥ್ ಮುಟ್ಟುವುದು ಅಲ್ಲಿಗೆ ಮುಗಿಯಿತು. ನಾಲ್ಕು ಗಂಟೆಯ ಸುಮಾರಿಗೆ ನನ್ನ ಕೈ ಮತ್ತೆ ನಡುಗತೊಡಗಿದವು. ಸೆರಗಿನಲ್ಲಿ ಮುಚ್ಚಿಕೊಂಡೆ.

ಐದಕ್ಕೆ ಮೇಡಂ ಕೀಲಿ ತೆಗೆದರು. ತಟ್ಟೆ ಹೊರಗೆ ಬಂದಾಗ ಬರಿಗಣ್ಣಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮಾಲೀಕ ಎದ್ದು ನಿಂತು, "ನೋಡಿದ್ರ್ಯಾ? ಸುಮ್ನ ಟೈಮ್ ಹಾಳ" ಎಂದ. ಮೇಡಂ ಯಂತ್ರದ ಮುಂದೆ ಕೂತರು. ಹಸಿರು ಪಟ್ಟಿಯವು ಮೊದಲು. ಒಂದು, ಎರಡು, ಮೂರು. ನಿಧಾನವಾಗಿ ತಿರುಗಿಸಿ ತಿರುಗಿಸಿ ನೋಡಿ ಬದಿಗಿಟ್ಟರು. ಬಿಳಿ ಪಟ್ಟಿಯ ಮೊದಲನೆಯದನ್ನು ಹಿಡಿದವರು ಕೈ ಅಲ್ಲೇ ನಿಲ್ಲಿಸಿದರು.

"ಬರ್ರಿ ಇಲ್ಲೆ. ಗದ್ದ ಇಡಬ್ಯಾಡ್ರಿ, ಸುಮ್ನ ನೋಡ್ರಿ."

ಅವನು ಬಗ್ಗಿ ನೋಡಿದ. ತುದಿಯಿಂದ ಅರ್ಧದವರೆಗೆ ಸೀಳು, ಆ ಬೆಳಕಿನಲ್ಲಿ ಮಿಂಚಿನಂತೆ ಹೊಳೆಯುತ್ತಿತ್ತು. ಎರಡನೆಯದರಲ್ಲೂ ಇತ್ತು. ಮೂರನೆಯದು ಗಟ್ಟಿಯಾಗಿತ್ತು, ಅದನ್ನೂ ಬರೆಯಬೇಕು.

ಅವನು ಬೆನ್ನು ನೆಟ್ಟಗೆ ಮಾಡಿ, ಎಷ್ಟೋ ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು ಆಡಿದ: "ಹೊಸ ಹೆಣ್ಮಗಳ ಕಡೆ ಮಾಡಿಸೇನ್ರಿ ಮೇಡಂ. ಆಕಿ ಕೈ ಇನ್ನಾ..."

"ಫ್ರಿಜ್ಜಿನೊಳಗ ಯಾರ ಕೈ ಇತ್ರಿ ಮಾಲಕ್ರ?" ಎಂದೆ.

ಅವನ ಮುಖ ಮೊದಲು ಕೆಂಪಗಾಗಿ ಆಮೇಲೆ ಬಿಳಚಿಕೊಂಡಿತು. ನಾನು ಕಣ್ಣು ತೆಗೆಯದೆ ನೋಡಿದೆ. ಒಂದು ತಿಂಗಳ ಚಳಿಯಲ್ಲಿ ನಾನು ಬಯಸಿದ್ದು ಆ ಮುಖ. ಅದನ್ನು ನೋಡಿ ತೃಪ್ತಿಯಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಮೇಡಂ ಡಬ್ಬಿಯನ್ನು ಅವನ ಮುಂದೆ ಸರಿಸಿ, "ಇವು ಬ್ಯಾಡ" ಎಂದರು. ಆಮೇಲೆ ನನ್ನ ಕಡೆ ನೋಡಿ, "ಅವತ್ತು ನಾನೂ ನಿಮ್ಮ ಕೈ ನೋಡಿ ನಂಬಿದೆ. ಕಣ್ಣಿನ ಡಾಕ್ಟರ್ ಆಗಿ ಹಂಗ ನೋಡಬಾರದಿತ್ತು" ಎಂದರು. ಅವರ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಅವನ ಮೇಲಿನದು ಇಳಿಯಲಿಲ್ಲ. ಬಾಗಿಲ ಕಡೆ ಹೊರಟವನನ್ನು ತಡೆದೆ.

"ಮೊಬೈಲ್ ತಗೀರಿ. ಗ್ರೂಪಿನಾಗ ಬರೀರಿ, ಇಲ್ಲೇ, ಈಗ. ಪೆನ್ನ ಒಡದದ್ದು ಮಾಲಿಗೆ, ಥಂಡಿಗೆ. ಕೈಗಲ್ಲ ಅಂತ."

ಅವನು ಮೇಡಂ ಕಡೆ ನೋಡಿದ. ಅವರು ಚಷ್ಮಾ ಒರೆಸುತ್ತಿದ್ದರು. ಅವನು ಟೈಪ್ ಮಾಡಿದ. ಕಳಿಸುವ ಮೊದಲು ನಾನು ಇಸಿದುಕೊಂಡು ಓದಿದೆ. "ಆ ಬಾಯಿದು ತಪ್ಪಿಲ್ಲ" ಎಂದಿತ್ತು.

"ಬಾಯಿ ಅಲ್ರಿ. ಹೆಸರು ಬರೀರಿ. ಹೆಸರಿನ ಮುಂದ 'ಅವರು' ಅಂತ ಬರೀರಿ. ಮತ್ತ ಪಾಲಿಶ್‌ನಾಕಿ ಹೆಸರೂ ಬರೀರಿ, ಆಕಿದೂ ತಪ್ಪಿಲ್ಲ ಅಂತ. ಆಕಿ ಫೋಟೋ ಅಳಸ್ರಿ, ನಾ ನೋಡ್ತೇನಿ."

ಮೂರು ಸಲ ತಿದ್ದಿಸಿದೆ. ಮೂರನೆಯ ಸಲದ ತಿದ್ದುಪಡಿ ಅಗತ್ಯ ಇರಲಿಲ್ಲ. ಬೇಕೆಂದೇ ಮಾಡಿಸಿದೆ.

ಮೇಡಂ ಆರ್ಡರನ್ನು ನನಗೇ ಕೊಟ್ಟರು, ಆದರೆ ಶುಕ್ರವಾರದೊಳಗೆ ಅರವತ್ತು ಪೆನ್ನು ಯಾರಿಂದಲೂ ಆಗುತ್ತಿರಲಿಲ್ಲ. ಪಾಲಿಶ್‌ನವಳು ಮರುದಿನವೇ ಅವನ ಕೆಲಸ ಬಿಟ್ಟು ನನ್ನ ಪತ್ರಾಸಿನ ಕೋಣೆಗೆ ಬಂದಳು. ನನ್ನಲ್ಲಿದ್ದ ಹದಿಮೂರಕ್ಕೆ ಇಬ್ಬರೂ ಕೂಡಿ ಒಂಬತ್ತು ಸೇರಿಸಿದೆವು, ಒಳ್ಳೆಯ ಬ್ಲ್ಯಾಂಕು ಉಳಿದಿದ್ದುದೂ ಅಷ್ಟೇ. ಮೇಡಂ ಆ ಇಪ್ಪತ್ತೆರಡನ್ನು ಹಳ್ಳಿ ಹಳ್ಳಿ ತಿರುಗುವವರಿಗೆ ಕೊಟ್ಟು, ಉಳಿದವರಿಗೆ ಯುಗಾದಿಯೊಳಗೆ ಕೊಡುತ್ತೇನೆಂದು ಹೇಳಿದರಂತೆ. ಆ ಮೂವತ್ತೆಂಟನ್ನು ಅಕ್ರಿಲಿಕ್‌ನಲ್ಲಿ ಮಾಡಿಕೊಟ್ಟೆವು. ಪೆಡಸು ಮಾಲಿನ ಮೇಲೆ ನನಗೆ ಇನ್ನು ಏನನ್ನೂ ಸಾಧಿಸಿ ತೋರಿಸಬೇಕಾಗಿರಲಿಲ್ಲ.

ಫೆಬ್ರುವರಿ ಕೊನೆಗೆ, ಬಿಸಿಲು ಚುರುಗುಟ್ಟತೊಡಗಿದ ಮೇಲೆ, ಒಂದು ಮಧ್ಯಾಹ್ನ ಮಾಲೀಕ ಖಾನಾಪುರಕ್ಕೆ ಬಂದ. ಅಂಗಳದಲ್ಲಿ ನಿಂತ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ, "ಇಂವನ ಏನು?" ಎಂದು ನನ್ನನ್ನು ಕೇಳಿದರು. ಅವನಿಗೆ ಕೇಳಿಸುವ ಹಾಗೇ ಕೇಳಿದರು. ಆಮೇಲೆ ಕುರ್ಚಿ ತೋರಿಸಿ ಒಳಗೆ ಚಹಾಕ್ಕೆ ಇಟ್ಟರು.

ಅವನಲ್ಲಿ ಆ ನೀಲಿ ಮಾಲು ಇನ್ನೂ ಎರಡು ಪೆಟ್ಟಿಗೆ ಉಳಿದಿತ್ತು. ತಂದಲ್ಲಿ ವಾಪಸ್ ತಗೊಳ್ಳುವುದಿಲ್ಲವಂತೆ.

"ತೂತು ಎಷ್ಟ ಇಡ್ತಿ?" ಎಂದ. ತಡೆದು, "ಇಡ್ತೀರಿ?" ಎಂದ.

"ಹೇಳಾಂಗಿಲ್ರಿ."

"ಅಂಟಾದ್ರೂ?"

"ಅದೂ ಹೇಳಾಂಗಿಲ್ಲ. ಚಹಾ ಕುಡೀರಿ, ಆರ್ತೈತಿ."

ಅವನು ಕುಡಿದ. ಬಸಿ ಕೆಳಗಿಟ್ಟು, "ನಿಮಗ ಇದರಿಂದ ಏನ ಸಿಗತೈತಿ?" ಎಂದು ಕೇಳಿದ. ಅದು ನಿಜವಾದ ಪ್ರಶ್ನೆಯೇ ಆಗಿತ್ತು, ಅವನಿಗೆ ಅರ್ಥವಾಗಿರಲಿಲ್ಲ. ಗೇಟಿನವರೆಗೆ ಕಳಿಸಿಕೊಟ್ಟು ಬಂದೆ.

ಪೆಡಸು ರೆಸಿನ್ನಿನಿಂದ ಕೈಸೋತವರು ಇನ್ನೂ ಎಷ್ಟೋ ಜನ ಇರಬೇಕು. ಅವರ ಕೈ ಚಾಚಿಸಿ ನೋಡುವ ಮಾಲೀಕರೂ ಇರಬೇಕು. ಅದಕ್ಕೇ ಬೆಚ್ಚನೆಯ ನೀರು, ಅಂಟು, ತೂತಿನ ಅಳತೆ, ಏನನ್ನೂ ಬಚ್ಚಿಡದೆ ಇಲ್ಲಿ ಬರೆದಿದ್ದೇನೆ. ಯಾರು ಬೇಕಾದರೂ ಬಳಸಲಿ. ಅವನೂ ಬಳಸಲಿ. ಆದರೆ ಅಳತೆಯೊಂದನ್ನೇ ಬೇರೆ ತೆಗೆದು ಬರೆದಿಲ್ಲ. ಅದು ಬೇಕಾದರೆ ಅವನು ಇದನ್ನು ಮೊದಲಿನಿಂದ ಓದಬೇಕು.